ಒಬ್ಬರ ವಂತಿಗೆ, ಮನೆಮಂದಿಗೆಲ್ಲ ಚಿಕಿತ್ಸೆ: ಇಎಸ್‌ಐ ಕುಟುಂಬ ಸೌಲಭ್ಯದ ಒಳಹೊರಗು

ದಾವಣಗೆರೆ: ಕಾರ್ಖಾನೆಯ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಕಾಣಿಸಿಕೊಳ್ಳುವ ‘ಇಎಸ್‌ಐ ಕಡಿತ’ ಎಂಬ ಸಾಲನ್ನು ಬಹುತೇಕ ಕಾರ್ಮಿಕರು ಓದಿ ಮುಂದೆ ಸಾಗುತ್ತಾರೆ. 14,000 ರೂ. ವೇತನ ಪಡೆಯುವವರಿಗೆ ಆ ಕಡಿತ ಕೇವಲ 105 ರೂ. ಮನೆಯಲ್ಲಿ ತಾಯಿಗೆ ಡಯಾಲಿಸಿಸ್ ಆರಂಭವಾದಾಗಲೋ, ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದಾಗಲೋ ಅದೇ ಸಾಲು ಇದ್ದಕ್ಕಿದ್ದಂತೆ ಮಹತ್ವ ಪಡೆಯುತ್ತದೆ. ಆ ಹೊತ್ತಿಗೆ ಕಾರ್ಡಿನಲ್ಲಿ ತಾಯಿಯ ಹೆಸರಿಲ್ಲ ಎಂಬುದೋ, ವಂತಿಗೆಯ ದಿನಗಳು ಸಾಲವು ಎಂಬುದೋ ಗೊತ್ತಾದರೆ ಹೆಚ್ಚೇನೂ ಮಾಡಲು ಉಳಿದಿರುವುದಿಲ್ಲ.

ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಹೆಸರಿಗೆ ಕಾರ್ಮಿಕನ ವಿಮೆ. ಆದರೆ ಅದರ ವೈದ್ಯಕೀಯ ಸೌಲಭ್ಯವನ್ನು ಬಳಸುವವರಲ್ಲಿ ಅವನ ಹೆಂಡತಿ, ಮಕ್ಕಳು, ತಂದೆ ತಾಯಿಗಳೂ ಇದ್ದಾರೆ. ದಾವಣಗೆರೆ ಮತ್ತು ಹರಿಹರದಂತಹ ಕೈಗಾರಿಕಾ ಪಟ್ಟಣಗಳಲ್ಲಿ ಈ ಯೋಜನೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಗಿರಣಿ ಕಾಲದಿಂದ ಗಾರ್ಮೆಂಟ್ಸ್ ಕಾಲಕ್ಕೆ

ಕಾರ್ಮಿಕರಿಗೆ ಆರೋಗ್ಯ ವಿಮೆಯ ರೂಪುರೇಷೆಯನ್ನು ಸಿದ್ಧಪಡಿಸುವ ಹೊಣೆಯನ್ನು 1943ರಲ್ಲಿ ಅಂದಿನ ಭಾರತ ಸರ್ಕಾರ ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ವಹಿಸಿತ್ತು. 1944ರಲ್ಲಿ ಅವರು ಸಲ್ಲಿಸಿದ ವರದಿಯೇ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಗೆ ಅಡಿಗಲ್ಲಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಯೋಜನೆಗೆ ಚಾಲನೆ ನೀಡಿದರು. ದೆಹಲಿಯಲ್ಲಿಯೂ ಅಂದೇ ಜಾರಿಯಾಯಿತು. ನಮ್ಮ ರಾಜ್ಯಕ್ಕೆ ಅದು ಕಾಲಿಟ್ಟದ್ದು 1958ರಲ್ಲಿ, ಬೆಂಗಳೂರಿನ ಮೂಲಕ.

ಕುಟುಂಬಕ್ಕೆ ಚಿಕಿತ್ಸೆ ಎಂಬುದು ಮೂಲ ಕಾಯ್ದೆಯಲ್ಲಿ ಕಾರ್ಮಿಕನ ಹಕ್ಕಿನಷ್ಟು ನೇರವಾಗಿ ಬಂದಿರಲಿಲ್ಲ ಎಂಬುದು ಗಮನಾರ್ಹ. ಸಂಬಂಧಪಟ್ಟ ಸರ್ಕಾರ ಕೋರಿದಲ್ಲಿ ನಿಗಮವು ವೈದ್ಯಕೀಯ ಸೌಲಭ್ಯವನ್ನು ವಿಮಾದಾರನ ಕುಟುಂಬಕ್ಕೂ ‘ವಿಸ್ತರಿಸಬಹುದು’ ಎಂದಷ್ಟೇ 46ನೇ ಕಲಂ ಹೇಳುತ್ತಿತ್ತು. ಆರಂಭದಲ್ಲಿ ಕಾರ್ಮಿಕನಿಗೆ ಮಾತ್ರ ಇದ್ದ ಚಿಕಿತ್ಸೆ ಹಂತಹಂತವಾಗಿ ಮನೆಮಂದಿಗೂ ದೊರೆಯಿತು. ಇಂದು ಅದನ್ನು ಯಾರೂ ಔದಾರ್ಯ ಎಂದು ಭಾವಿಸುವುದಿಲ್ಲ.

ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಪಾಳಿಯ ಸೈರನ್ನೇ ಊರಿನ ಗಡಿಯಾರವಾಗಿತ್ತು. ಅತ್ತ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಾದ್ಯಂತ ಹೆಸರಾಗಿತ್ತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಇಂತಹ ನೆಲದಲ್ಲಿ ಇಎಸ್‌ಐ ವ್ಯವಸ್ಥೆ ಬೇರೂರಿದ್ದು ಸಹಜವೇ ಆಗಿತ್ತು. ದಾವಣಗೆರೆಯ ನಿಟುವಳ್ಳಿಯಲ್ಲಿರುವ ಇಎಸ್‌ಐ ಆಸ್ಪತ್ರೆ ಅದರ ಗುರುತಾಗಿ ಉಳಿದಿದೆ.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಿರ್ಲೋಸ್ಕರ್‌ಗೂ ಬೀಗ ಬಿತ್ತು. ಕೆಲಸ ಕಳೆದುಕೊಂಡವರು ಸಂಬಳದ ಜತೆಗೆ ಮನೆಮಂದಿಯ ಚಿಕಿತ್ಸೆಯ ಆಸರೆಯನ್ನೂ ಕಳೆದುಕೊಂಡರು ಎಂಬ ಸಂಗತಿ ಅಂದಿನ ಪರಿಹಾರದ ಮಾತುಕತೆಗಳಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ ನಿರುದ್ಯೋಗ ಭತ್ಯೆಯ ಜತೆಗೆ ಕುಟುಂಬ ಸಹಿತ ಚಿಕಿತ್ಸೆ ಮುಂದುವರಿಸುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಜಾರಿಗೆ ಬಂದದ್ದು 2005ರ ಏಪ್ರಿಲ್ 1ರಿಂದ. ಅದಕ್ಕೂ ಮುನ್ನ ಮುಚ್ಚಿದ ಗಿರಣಿಗಳ ಕಾರ್ಮಿಕರಿಗೆ ಅದು ದಕ್ಕಲಿಲ್ಲ.

ಇಂದು ಚಿತ್ರ ಬದಲಾಗಿದೆ. ಕರೂರು ಕೈಗಾರಿಕಾ ಪ್ರದೇಶದ ಉಡುಪು ಘಟಕಗಳು, ಖಾಸಗಿ ಆಸ್ಪತ್ರೆ ಮತ್ತು ಶಾಲಾ ಕಾಲೇಜುಗಳ ಸಿಬ್ಬಂದಿ, ಭದ್ರತಾ ಕಾವಲುಗಾರರು, ಗುತ್ತಿಗೆ ನೌಕರರು, ಶೋರೂಂಗಳ ಮಾರಾಟ ಸಹಾಯಕರು ವಿಮಾದಾರರ ಸಾಲಿಗೆ ಬಂದಿದ್ದಾರೆ. ಇವರಲ್ಲಿ ಮಹಿಳೆಯರ ಪಾಲು ಗಿರಣಿ ಕಾಲಕ್ಕಿಂತ ಹೆಚ್ಚು. ‘ವಿಮಾದಾರನ ಪತ್ನಿ’ ಎಂದು ಯೋಚಿಸಿ ರೂಪಿಸಿದ ವ್ಯವಸ್ಥೆಗೆ ‘ವಿಮಾದಾರಳ ಪತಿ’ ಮತ್ತು ‘ವಿಮಾದಾರಳ ಅತ್ತೆ ಮಾವ’ ಎಂಬ ಪ್ರಶ್ನೆಗಳು ಎದುರಾದದ್ದು ಹೀಗೆ.

ಯಾರು ಒಳಗೆ, ಯಾರು ಹೊರಗೆ

10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಯೋಜನೆ ಅನ್ವಯಿಸುತ್ತದೆ. 2017ರ ಜನವರಿ 1ರಿಂದ ಜಾರಿಗೆ ಬಂದ ವೇತನ ಮಿತಿ ತಿಂಗಳಿಗೆ 21,000 ರೂ. ಅಂಗವಿಕಲ ನೌಕರರಿಗೆ ಇದು 25,000 ರೂ. ಅದಕ್ಕೂ ಮುನ್ನ, 2010ರ ಮೇ ತಿಂಗಳಿನಿಂದ, ಮಿತಿ 15,000 ರೂ. ಇತ್ತು. ಓವರ್‌ಟೈಮ್ ಹಣವನ್ನು ಈ ಮಿತಿಗೆ ಲೆಕ್ಕ ಹಿಡಿಯುವಂತಿಲ್ಲ.

2019ರ ಜುಲೈ 1ರಿಂದ ವಂತಿಗೆಯ ದರವನ್ನು ಇಳಿಸಲಾಗಿದೆ. ನೌಕರನ ಪಾಲು ವೇತನದ ಶೇ 0.75, ಮಾಲೀಕರ ಪಾಲು ಶೇ 3.25, ಒಟ್ಟು ಶೇ 4. ಹಿಂದೆ ಇದು ಒಟ್ಟು ಶೇ 6.5 ಆಗಿತ್ತು. ಆರಂಭದಲ್ಲಿ ಹೇಳಿದ 14,000 ರೂ. ವೇತನದ ಉದಾಹರಣೆಯಲ್ಲಿ ನೌಕರನ 105 ರೂ.ಗೆ ಮಾಲೀಕರು 455 ರೂ. ಸೇರಿಸಿ ಒಟ್ಟು 560 ರೂ.ಗಳನ್ನು ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಕಟ್ಟಬೇಕು. ದಿನದ ಸರಾಸರಿ ಕೂಲಿ 176 ರೂ. ಮೀರದವರು ತಮ್ಮ ಪಾಲನ್ನು ಕೊಡಬೇಕಿಲ್ಲ. ಮನೆಯಲ್ಲಿ ಇಬ್ಬರಿರಲಿ, ಆರು ಮಂದಿ ಇರಲಿ, ವಂತಿಗೆ ಒಂದೇ. ಖಾಸಗಿ ವಿಮಾ ಕಂಪನಿಗಳ ಪಾಲಿಸಿಗಿಂತ ಇದು ಭಿನ್ನವಾಗುವುದು ಇಲ್ಲಿ. ವಯಸ್ಸಾದ ತಂದೆ ತಾಯಿಯನ್ನು ಸೇರಿಸಿದರೆ ಕಂತು ಏರುವುದಿಲ್ಲ, ಹಳೆಯ ಕಾಯಿಲೆಯ ನೆಪದಲ್ಲಿ ಹೆಸರನ್ನು ತಿರಸ್ಕರಿಸುವುದೂ ಇಲ್ಲ.

‘ಕುಟುಂಬ’ ಎಂದರೆ ಯಾರು ಎಂಬುದನ್ನು ಕಾನೂನು ಎಣಿಸಿ ಹೇಳುತ್ತದೆ. ಪತಿ ಅಥವಾ ಪತ್ನಿ ಮೊದಲಿಗರು. ಅವಲಂಬಿತರಾದ ಅಪ್ರಾಪ್ತ ಮಕ್ಕಳು, ದತ್ತು ಮಕ್ಕಳೂ ಸೇರಿ, ಒಳಗಿದ್ದಾರೆ. ಓದುತ್ತಿರುವ ಮಗನಿಗೆ 21 ವರ್ಷ ತುಂಬುವವರೆಗೆ ಸೌಲಭ್ಯ ಉಂಟು. ಅವಿವಾಹಿತ ಮಗಳಿಗೆ ವಯಸ್ಸಿನ ಮಿತಿಯೇ ಇಲ್ಲ, ಆಕೆ ಸಂಪೂರ್ಣವಾಗಿ ವಿಮಾದಾರನ ದುಡಿಮೆಯನ್ನು ಅವಲಂಬಿಸಿರಬೇಕು ಅಷ್ಟೇ. ದೈಹಿಕ ಅಥವಾ ಮಾನಸಿಕ ಅಶಕ್ತತೆಯುಳ್ಳ ಮಗುವಿಗೆ ಆ ಸ್ಥಿತಿ ಇರುವಷ್ಟು ಕಾಲವೂ ಚಿಕಿತ್ಸೆ ಸಲ್ಲುತ್ತದೆ. ವಿಮಾದಾರ ಅವಿವಾಹಿತನಾಗಿದ್ದು ತಂದೆ ತಾಯಿ ಬದುಕಿಲ್ಲದಿದ್ದಲ್ಲಿ ಅಪ್ರಾಪ್ತ ತಮ್ಮ ತಂಗಿಯರನ್ನೂ ಸೇರಿಸಬಹುದು.

ತಕರಾರು ಹೆಚ್ಚಾಗಿ ಏಳುವುದು ತಂದೆ ತಾಯಿಗಳ ವಿಷಯದಲ್ಲಿ. ಅವರು ಅವಲಂಬಿತರಾಗಿರಬೇಕು ಮತ್ತು ಎಲ್ಲ ಮೂಲಗಳಿಂದ ಬರುವ ಅವರ ವರಮಾನ ನಿಗದಿತ ಮಿತಿಯನ್ನು ಮೀರಿರಬಾರದು. 1948ರ ಕಾಯ್ದೆಯ ನಿಯಮಗಳ ಅಡಿಯಲ್ಲಿ ಈ ಮಿತಿಯನ್ನು ತಿಂಗಳಿಗೆ 5,000 ರೂ.ಗಳಿಂದ 9,000 ರೂ.ಗಳಿಗೆ ಏರಿಸಲಾಗಿತ್ತು. ಪಿಂಚಣಿ, ಬಾಡಿಗೆ, ಜಮೀನಿನ ಆದಾಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಭದ್ರಾ ನಾಲೆಯ ನೀರಿನಲ್ಲಿ ಒಂದೆರಡು ಎಕರೆ ಭತ್ತ ಬೆಳೆಯುವ ತಂದೆಯ ‘ಮಾಸಿಕ ವರಮಾನ’ ಎಷ್ಟು ಎಂಬ ಪ್ರಶ್ನೆಗೆ ಯಾವ ನಮೂನೆಯಲ್ಲಿಯೂ ಸರಿಯಾದ ಉತ್ತರ ಬರೆಯುವುದು ಸುಲಭವಲ್ಲ.

ಇನ್ನು ಅತ್ತೆ ಮಾವಂದಿರು. 1948ರ ಕಾಯ್ದೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುವ ಗಾರ್ಮೆಂಟ್ಸ್ ಉದ್ಯೋಗಿ ತನ್ನ ಕಾರ್ಡಿನಲ್ಲಿ ಅತ್ತೆಯ ಹೆಸರನ್ನು ಬರೆಸುವಂತಿರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಅಂಶವನ್ನು ಬದಲಿಸಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆಯ ಪ್ರಕಾರ ಮಹಿಳಾ ನೌಕರರ ವಿಷಯದಲ್ಲಿ ‘ಅವಲಂಬಿತ ತಂದೆ ತಾಯಿ’ ಎಂಬುದು ಅತ್ತೆ ಮಾವಂದಿರನ್ನೂ ಒಳಗೊಳ್ಳುತ್ತದೆ. ಪುರುಷ ನೌಕರನ ಅತ್ತೆ ಮಾವಂದಿರಿಗೆ ಮಾತ್ರ ಇದು ಅನ್ವಯಿಸದು. ಮಗಳ ಮನೆಯಲ್ಲಿ ನೆಲೆಸಿರುವ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಆ ಮಗಳು ಸ್ವತಃ ದುಡಿಯದಿದ್ದರೆ ಅವರು ಹೊರಗೇ ಉಳಿಯುತ್ತಾರೆ.

ಓದು ಮುಗಿಸಿ ಕೆಲಸ ಸಿಗದೆ ಮನೆಯಲ್ಲಿರುವ 22 ವರ್ಷದ ಮಗ ಪಟ್ಟಿಯಲ್ಲಿಲ್ಲ. ಮದುವೆಯಾದ ಮಗಳೂ ಇಲ್ಲ. ಹೆರಿಗೆಗೆಂದು ಮಗಳು ತವರಿಗೆ ಬಂದಾಗ ತಂದೆಯ ಕಾರ್ಡು ಕೆಲಸಕ್ಕೆ ಬಾರದು. ಗಂಡನಿಗೆ ಇಎಸ್‌ಐ ಇದ್ದಲ್ಲಿ ಅವನ ಕಾರ್ಡಿನಲ್ಲಿ ಆಕೆಯ ಹೆಸರಿರಬೇಕು.

‘ಕುಟುಂಬ’ ಬೇರೆ, ‘ಅವಲಂಬಿತ’ ಬೇರೆ

ಈ ಎರಡು ಪದಗಳು ಒಂದೇ ಎಂದು ತಿಳಿದು ಕಚೇರಿಗಳಿಗೆ ಅಲೆಯುವವರಿದ್ದಾರೆ. ಚಿಕಿತ್ಸೆ ಪಡೆಯುವವರು ‘ಕುಟುಂಬ’. ಕೆಲಸದ ವೇಳೆ ಅಪಘಾತದಿಂದ ಅಥವಾ ಔದ್ಯೋಗಿಕ ಕಾಯಿಲೆಯಿಂದ ವಿಮಾದಾರ ಮೃತಪಟ್ಟಲ್ಲಿ ಮಾಸಿಕ ನೆರವು ಪಡೆಯುವವರು ‘ಅವಲಂಬಿತರು’. ಈ ನೆರವಿನ ಒಟ್ಟು ಮೊತ್ತ ವೇತನದ ಶೇ 90. ಪತ್ನಿಗೆ ಅದರ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಐದರಲ್ಲಿ ಎರಡು ಪಾಲು. ಪಾಲುಗಳ ಮೊತ್ತ ಪೂರ್ಣ ದರವನ್ನು ಮೀರಿದರೆ ಎಲ್ಲರದನ್ನೂ ಅದೇ ಪ್ರಮಾಣದಲ್ಲಿ ಇಳಿಸಲಾಗುತ್ತದೆ. ಪತ್ನಿಗೆ ಜೀವಿತಾವಧಿಯವರೆಗೆ ಅಥವಾ ಮರುವಿವಾಹದವರೆಗೆ ಇದು ಸಲ್ಲುತ್ತದೆ. ಮಗನಿಗೆ ಇಲ್ಲಿ ಮಿತಿ 25 ವರ್ಷ. ಚಿಕಿತ್ಸೆಯ ಪಟ್ಟಿಯಿಂದ 21ಕ್ಕೆ ಹೊರಬಿದ್ದ ಮಗ ಅವಲಂಬಿತರ ನೆರವಿಗೆ 25ರವರೆಗೆ ಅರ್ಹ ಎಂಬ ವ್ಯತ್ಯಾಸ ಹಲವರಿಗೆ ತಿಳಿದಿಲ್ಲ.

ಕಾಯಿಲೆ ರಜೆಯ ನಗದು ನೆರವು (ಸರಾಸರಿ ವೇತನದ ಶೇ 70, ವರ್ಷಕ್ಕೆ ಗರಿಷ್ಠ 91 ದಿನ) ಮತ್ತು 26 ವಾರಗಳ ಹೆರಿಗೆ ಭತ್ಯೆ ದುಡಿಯುವವರಿಗೆ ಮಾತ್ರ. ಕುಟುಂಬದವರಿಗೆ ದೊರೆಯುವುದು ಚಿಕಿತ್ಸೆ, ನಗದಲ್ಲ. ಇದಕ್ಕೊಂದು ಸಣ್ಣ ಅಪವಾದವಿದೆ. ಇಎಸ್‌ಐ ಹೆರಿಗೆ ಸೌಲಭ್ಯ ಇಲ್ಲದ ಕಡೆ ವಿಮಾದಾರನ ಪತ್ನಿಗೆ ಹೆರಿಗೆಯಾದರೆ ಎರಡು ಹೆರಿಗೆಗಳವರೆಗೆ ನಿಗದಿತ ಮೊತ್ತವನ್ನು ವೆಚ್ಚವಾಗಿ ನೀಡಲಾಗುತ್ತದೆ.

ನಿಟುವಳ್ಳಿಯಿಂದ ರಾಜಾಜಿನಗರದವರೆಗೆ

ಚಿಕಿತ್ಸೆಯ ದಾರಿ ಚಿಕಿತ್ಸಾಲಯದಿಂದ ಆರಂಭವಾಗಬೇಕು. ನೋಂದಣಿಯ ವೇಳೆ ಆರಿಸಿದ ಇಎಸ್‌ಐ ಚಿಕಿತ್ಸಾಲಯದ ವೈದ್ಯರೇ ಮೊದಲು ನೋಡುತ್ತಾರೆ. ಅಲ್ಲಿಂದ ನಿಟುವಳ್ಳಿಯ ಆಸ್ಪತ್ರೆಗೆ, ಅಲ್ಲಿ ಆಗದ ಚಿಕಿತ್ಸೆಗೆ ಒಡಂಬಡಿಕೆ ಇರುವ ಖಾಸಗಿ ಆಸ್ಪತ್ರೆಗೆ ಅಥವಾ ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಶಿಫಾರಸು ಪತ್ರದೊಂದಿಗೆ ಒಡಂಬಡಿಕೆಯ ಆಸ್ಪತ್ರೆಗೆ ಹೋದರೆ ಹಣ ಕಟ್ಟಬೇಕಿಲ್ಲ. ಯಾವ ಖಾಸಗಿ ಆಸ್ಪತ್ರೆ ಯಾವ ಚಿಕಿತ್ಸೆಗೆ ಒಡಂಬಡಿಕೆಯಲ್ಲಿದೆ ಎಂಬ ಪಟ್ಟಿ ಆಗಾಗ ಬದಲಾಗುವುದರಿಂದ ಚಿಕಿತ್ಸಾಲಯದಲ್ಲಿ ವಿಚಾರಿಸಿಯೇ ಹೊರಡುವುದು ಕ್ಷೇಮ.

ನಗದು ನೆರವನ್ನು ನೀಡುವುದು ಕೇಂದ್ರದ ಅಧೀನದ ಇಎಸ್‌ಐ ನಿಗಮದ ಶಾಖಾ ಕಚೇರಿ. ದಾವಣಗೆರೆಯ ಆಸ್ಪತ್ರೆಯನ್ನು ನಡೆಸುವುದು ರಾಜ್ಯ ಸರ್ಕಾರದ ಇಎಸ್‌ಐ ವೈದ್ಯಕೀಯ ಸೇವೆಗಳ ಇಲಾಖೆ. ನಿಗದಿತ ಮಿತಿಯೊಳಗಿನ ವೈದ್ಯಕೀಯ ವೆಚ್ಚದ ಎಂಟರಲ್ಲಿ ಏಳು ಪಾಲನ್ನು ನಿಗಮ, ಒಂದು ಪಾಲನ್ನು ರಾಜ್ಯ ಭರಿಸುತ್ತವೆ. ಔಷಧದ ಕೊರತೆಯನ್ನು ನಿಗಮದ ಕಿಟಕಿಯಲ್ಲಿ ಹೇಳಿಕೊಂಡರೆ, ಅಥವಾ ಕಾಯಿಲೆ ಭತ್ಯೆ ಬಾರದಿದ್ದುದನ್ನು ಆಸ್ಪತ್ರೆಯ ವೈದ್ಯರಲ್ಲಿ ಹೇಳಿಕೊಂಡರೆ, ಪ್ರಯೋಜನವಾಗದಿರುವುದಕ್ಕೆ ಇದೇ ಕಾರಣ. ದುಡ್ಡು ಕಾರ್ಮಿಕರದು, ಹೊಣೆ ಮಾತ್ರ ಎರಡು ಮನೆಗೆ ಹಂಚಿದೆ.

ತುರ್ತು ಸಂದರ್ಭದಲ್ಲಿ ಶಿಫಾರಸಿಗಾಗಿ ಕಾಯಬೇಕಿಲ್ಲ. ಹೃದಯಾಘಾತ, ಅಪಘಾತದಂತಹ ಸಂದರ್ಭಗಳಲ್ಲಿ ಹತ್ತಿರದ ಆಸ್ಪತ್ರೆಗೆ ದಾಖಲಾಗಿ ನಂತರ ವೆಚ್ಚ ಮರುಪಾವತಿ ಕೋರಬಹುದು. ಆದರೆ ಮರುಪಾವತಿ ನಡೆಯುವುದು ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ, ಅಂದರೆ ಸಿಜಿಎಚ್‌ಎಸ್ ದರಗಳ ಮೇರೆಗೆ. ಆಸ್ಪತ್ರೆಯ ಬಿಲ್ಲಿಗೂ ಈ ದರಕ್ಕೂ ಇರುವ ಅಂತರವನ್ನು ಕುಟುಂಬವೇ ಹೊರಬೇಕಾಗುತ್ತದೆ. ದಾಖಲಾದ ಕೂಡಲೇ ಇಎಸ್‌ಐ ಆಸ್ಪತ್ರೆಗೆ ಅಥವಾ ಚಿಕಿತ್ಸಾಲಯಕ್ಕೆ ಮಾಹಿತಿ ನೀಡುವುದು, ಮೂಲ ಬಿಲ್ಲುಗಳು, ತುರ್ತುಸ್ಥಿತಿಯ ಪ್ರಮಾಣಪತ್ರ ಮತ್ತು ಬಿಡುಗಡೆ ಪತ್ರವನ್ನು ಜೋಪಾನ ಮಾಡುವುದು ಅಗತ್ಯ.

ದೊಡ್ಡ ಚಿಕಿತ್ಸೆಯ ವಿಷಯಕ್ಕೆ ಬಂದಾಗ ದುಡಿಯುವವರಿಗೂ ಕುಟುಂಬದವರಿಗೂ ನಡುವೆ ಕಾನೂನು ಒಂದು ಗೆರೆ ಎಳೆದಿದೆ. ಸಾಮಾನ್ಯ ಚಿಕಿತ್ಸೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಎಲ್ಲರಿಗೂ ದೊರೆಯುತ್ತದೆ. ಹೃದಯ, ಮೂತ್ರಪಿಂಡ, ಕ್ಯಾನ್ಸರ್‌ನಂತಹ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಹಾಗಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ನಿಗಮ ಸಡಿಲಿಸಿದ ಷರತ್ತಿನ ಪ್ರಕಾರ ವಿಮಾದಾರನಿಗೆ 6 ತಿಂಗಳ ಉದ್ಯೋಗ ಮತ್ತು 78 ದಿನಗಳ ವಂತಿಗೆ ಸಾಕು. ಕುಟುಂಬದವರಿಗಾದರೆ ವಿಮಾದಾರ ಒಂದು ವರ್ಷ ದುಡಿದಿರಬೇಕು ಮತ್ತು 156 ದಿನಗಳ ವಂತಿಗೆ ಸಂದಾಯವಾಗಿರಬೇಕು. ಅದಕ್ಕೂ ಮುನ್ನ ವಿಮಾದಾರನಿಗೇ ಎರಡು ವರ್ಷದ ಷರತ್ತಿತ್ತು. ಗುತ್ತಿಗೆ ಏಜೆನ್ಸಿಗಳು ಪ್ರತಿ ಬಾರಿ ಹೊಸ ವಿಮಾ ಸಂಖ್ಯೆ ಮಾಡಿಸಿದರೆ ಹಿಂದಿನ ದಿನಗಳು ಲೆಕ್ಕದಿಂದ ತಪ್ಪಿಹೋಗುತ್ತವೆ. ವಿಮಾ ಸಂಖ್ಯೆ ಜೀವನಪರ್ಯಂತ ಒಂದೇ ಇರಬೇಕು; ಕೆಲಸ ಬದಲಿಸಿದಾಗ ಹಳೆಯ ಸಂಖ್ಯೆಯನ್ನೇ ಹೊಸ ಮಾಲೀಕರಿಗೆ ಕೊಡಬೇಕು.

ಹೊಳೆಯ ಆಚೆ ಈಚೆ

ಹರಿಹರದ ಕಾರ್ಮಿಕ ಕುಟುಂಬಗಳ ಬದುಕು ಜಿಲ್ಲೆಯ ಗಡಿಗಳನ್ನು ಲೆಕ್ಕಿಸುವುದಿಲ್ಲ. ಹರಿಹರ ದಾವಣಗೆರೆ ಜಿಲ್ಲೆಯಲ್ಲಿದೆ, ಸೇತುವೆ ದಾಟಿದರೆ ಸಿಗುವ ಕುಮಾರಪಟ್ಟಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದೆ. ಕೆಲಸ ಆಚೆ, ಮನೆ ಈಚೆ, ತಂದೆ ತಾಯಿ ಇನ್ನೊಂದು ಊರಿನಲ್ಲಿ. ಇಎಸ್‌ಐ ಅಖಿಲ ಭಾರತ ಯೋಜನೆಯಾದ್ದರಿಂದ ಜಿಲ್ಲೆಯ ಗಡಿ ಅಡ್ಡಿಯಾಗುವುದಿಲ್ಲ. ವಿಮಾದಾರ ತನಗೊಂದು, ಬೇರೆ ಊರಿನಲ್ಲಿರುವ ಕುಟುಂಬಕ್ಕೆ ಇನ್ನೊಂದು ಚಿಕಿತ್ಸಾಲಯ ಆರಿಸಿಕೊಳ್ಳಲು ಅವಕಾಶವಿದೆ. ಕೆಲಸಕ್ಕೆ ಸೇರುವ ದಿನ ಮಾನವ ಸಂಪನ್ಮೂಲ ವಿಭಾಗದ ಗುಮಾಸ್ತರು ಕಾರ್ಖಾನೆಗೆ ಹತ್ತಿರದ ಚಿಕಿತ್ಸಾಲಯವನ್ನೇ ನಮೂದಿಸಿ ಮುಗಿಸಿಬಿಟ್ಟರೆ ತೊಂದರೆ ಪಡುವವರು ಊರಿನಲ್ಲಿರುವ ಹಿರಿಯರು. ಬೆಂಗಳೂರಿನ ಪೀಣ್ಯದಲ್ಲಿ ದುಡಿಯುತ್ತಾ ಹೆಂಡತಿ ಮಕ್ಕಳನ್ನು ದಾವಣಗೆರೆಯಲ್ಲಿ ಬಿಟ್ಟಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಬಾಗಿಲ ಹೊರಗಿನವರು

ದಾವಣಗೆರೆಯ ಹೆಸರಿನೊಂದಿಗೆ ಬೆಣ್ಣೆದೋಸೆಯಷ್ಟೇ ಅಂಟಿಕೊಂಡಿರುವುದು ಮಂಡಕ್ಕಿ. ಅದನ್ನು ಹುರಿಯುವ ಭಟ್ಟಿಗಳಲ್ಲಿ ಹೊಗೆ, ಬೂದಿ, ಬೆಂಕಿಯ ಝಳದ ನಡುವೆ ದುಡಿಯುವವರ ಶ್ವಾಸಕೋಶಕ್ಕೆ ವೈದ್ಯಕೀಯ ಆಸರೆ ಇತರರಿಗಿಂತ ಹೆಚ್ಚೇ ಬೇಕು. ಆದರೆ ಮನೆಮಂದಿಯೂ ಕೈಜೋಡಿಸಿ ನಡೆಸುವ ಸಣ್ಣ ಭಟ್ಟಿ 10 ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಣ್ಣುಮಕ್ಕಳದೂ ಪ್ರತ್ಯೇಕ ಲೋಕ. ಅವರಿಗಾಗಿ 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆ ಬಂದಿತ್ತು, ಅದಕ್ಕೆ ಹಣ ಒದಗಿಸುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು.

ಹೊಸ ಸಂಹಿತೆ ಇಲ್ಲೊಂದು ಬಾಗಿಲು ತೆರೆದಿದೆ. ಮಾಲೀಕ ಮತ್ತು ಬಹುಸಂಖ್ಯಾತ ನೌಕರರು ಒಪ್ಪಿದಲ್ಲಿ 10ಕ್ಕಿಂತ ಕಡಿಮೆ ಮಂದಿ ಇರುವ ಸಂಸ್ಥೆಯೂ ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಬಹುದು. ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಕಸುಬಿನಲ್ಲಿ ಒಬ್ಬನೇ ನೌಕರನಿದ್ದರೂ ಯೋಜನೆ ಅನ್ವಯಿಸುತ್ತದೆ. ಸ್ವಇಚ್ಛೆಯ ಬಾಗಿಲನ್ನು ಎಷ್ಟು ಸಣ್ಣ ಮಾಲೀಕರು ತಾವಾಗಿಯೇ ತಟ್ಟಿಯಾರು ಎಂಬುದು ಬೇರೆ ಮಾತು. 2025ರ ಜುಲೈನಿಂದ ನಿಗಮ ನಡೆಸಿದ ‘ಸ್ಪ್ರೀ’ ಎಂಬ ನೋಂದಣಿ ಅಭಿಯಾನದಲ್ಲಿ, ಹಿಂದಿನ ಬಾಕಿ ಕೇಳುವುದಿಲ್ಲ ಎಂಬ ಭರವಸೆ ನೀಡಿ ಮಾಲೀಕರನ್ನು ಕರೆಯಬೇಕಾಗಿ ಬಂದದ್ದೇ ಹೊರಗುಳಿದವರು ಎಷ್ಟಿದ್ದಾರೆಂಬುದಕ್ಕೆ ಸೂಚನೆ.

ಇಎಸ್‌ಐ ಇಲ್ಲದವರಿಗೆ ರಾಜ್ಯದಲ್ಲಿ ಬೇರೆ ದಾರಿಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಸಹಕಾರಿಗಳ ಯಶಸ್ವಿನಿ ಯೋಜನೆಗೆ 2022ರ ಕೊನೆಯಲ್ಲಿ ಮರುಜೀವ ನೀಡಲಾಯಿತು. ಇವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಾಗಿ ಇರುವಂಥವು. ಜ್ವರದ ಮಾತ್ರೆಯಿಂದ ತಿಂಗಳ ಸಕ್ಕರೆ ಕಾಯಿಲೆಯ ಔಷಧದವರೆಗೆ ಮನೆಮಂದಿಗೆಲ್ಲ ಕೊಡುವ ವ್ಯವಸ್ಥೆ ಇಎಸ್‌ಐ ಮಾತ್ರ.

ಹೊರದೇಶದ ಒಂದು ನೋಟ

ದುಡಿಯುವವನ ವಿಮೆ ಮನೆಯವರನ್ನೂ ಕಾಯಬೇಕೆ ಎಂಬ ಪ್ರಶ್ನೆಗೆ ಎಲ್ಲ ದೇಶಗಳ ಉತ್ತರ ಒಂದೇ ಅಲ್ಲ. 1883ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಗೆ ಕಾನೂನು ಮಾಡಿದ ಜರ್ಮನಿಯಲ್ಲಿ ಇಂದು ಸಾರ್ವಜನಿಕ ವಿಮೆ ಹೊಂದಿದವರ, ಸ್ವಂತ ದುಡಿಮೆಯಿಲ್ಲದ ಪತಿ ಅಥವಾ ಪತ್ನಿ ಹಾಗೂ ಮಕ್ಕಳಿಗೆ ಹೆಚ್ಚುವರಿ ಕಂತಿಲ್ಲದೆ ರಕ್ಷಣೆ ಉಂಟು. ಥಾಯ್ಲೆಂಡ್‌ನದು ಬೇರೆ ದಾರಿ. ಅಲ್ಲಿ 1990ರ ಸಾಮಾಜಿಕ ಭದ್ರತಾ ಕಾಯ್ದೆಯಡಿ ಖಾಸಗಿ ನೌಕರ ವಂತಿಗೆ ಕಟ್ಟಿದರೆ ಚಿಕಿತ್ಸೆ ದೊರೆಯುವುದು ಆತನಿಗೆ ಮಾತ್ರ. ಪತ್ನಿ ಮತ್ತು ಮಕ್ಕಳು ‘ಮೂವತ್ತು ಬಾಟ್ ಯೋಜನೆ’ ಎಂದೇ ಹೆಸರಾದ, 2002ರ ರಾಷ್ಟ್ರೀಯ ಆರೋಗ್ಯ ಭದ್ರತಾ ಕಾಯ್ದೆಯ ಸಾರ್ವತ್ರಿಕ ವ್ಯವಸ್ಥೆಗೆ ಸೇರುತ್ತಾರೆ. ಪತ್ನಿ, ತಂದೆ ತಾಯಿ ಮತ್ತು ಮೂವರು ಮಕ್ಕಳವರೆಗೆ ಚಿಕಿತ್ಸೆ ಪಡೆಯುವ ಭಾಗ್ಯ ಅಲ್ಲಿ ಸರ್ಕಾರಿ ನೌಕರರದು. ಆ ಅರ್ಥದಲ್ಲಿ ದಾವಣಗೆರೆಯ ಉಡುಪು ಕಾರ್ಮಿಕರಿಗೆ ಕಾಗದದ ಮೇಲೆ ಇರುವ ಹಕ್ಕು ಬ್ಯಾಂಕಾಕಿನ ಕಾರ್ಖಾನೆಯ ನೌಕರನಿಗೆ ಇರುವುದಕ್ಕಿಂತ ವಿಶಾಲವಾದುದು. ಆದರೆ ಥಾಯ್ ನೌಕರ ಕೆಲಸ ಕಳೆದುಕೊಂಡರೂ ಅವನ ಮಕ್ಕಳ ಚಿಕಿತ್ಸೆಗೆ ಧಕ್ಕೆಯಾಗುವುದಿಲ್ಲ. ನಮ್ಮಲ್ಲಿ ಆಗುತ್ತದೆ.

ಕೆಲಸ ಬಿಟ್ಟರೆ, ಸಂಬಳ ಏರಿದರೆ

ಕೆಲಸ ಬಿಟ್ಟ ದಿನವೇ ಕಾರ್ಡು ಸತ್ತುಹೋಗುತ್ತದೆ ಎಂಬುದು ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ. ಇಎಸ್‌ಐನಲ್ಲಿ ವಂತಿಗೆಯ ಅವಧಿ ಮತ್ತು ಸೌಲಭ್ಯದ ಅವಧಿ ಬೇರೆ ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ. ಹಲವು ವರ್ಷ ದುಡಿದು ಆಗಸ್ಟ್ ಕೊನೆಗೆ ಕೆಲಸ ಬಿಟ್ಟವನು ಏಪ್ರಿಲ್‌ನಿಂದ ಅಲ್ಲಿಯವರೆಗೆ 78 ದಿನಗಳಿಗೆ ವಂತಿಗೆ ಕಟ್ಟಿದ್ದರೆ ಅವನ ಕುಟುಂಬಕ್ಕೆ ಮುಂದಿನ ವರ್ಷದ ಜೂನ್ 30ರವರೆಗೆ ಚಿಕಿತ್ಸೆ ದೊರೆಯಬೇಕು. ಕೆಲಸ ಹೋಯಿತೆಂದು ಕಾರ್ಡನ್ನು ಮೂಲೆಗೆಸೆದು ಖಾಸಗಿ ಆಸ್ಪತ್ರೆಯಲ್ಲಿ ಸಾಲ ಮಾಡುವ ಮುನ್ನ ಈ ಲೆಕ್ಕ ಹಾಕುವುದು ಒಳಿತು.

ಸಂಬಳ 21,000 ರೂ. ದಾಟಿದರೂ ಹೀಗೆಯೇ. ವಂತಿಗೆ ಅವಧಿಯ ನಡುವೆ ವೇತನ ಏರಿದಲ್ಲಿ ಆ ಅವಧಿ ಮುಗಿಯುವವರೆಗೆ ವಂತಿಗೆ ಮುಂದುವರಿಯುತ್ತದೆ, ಅದಕ್ಕೆ ತಕ್ಕ ಸೌಲಭ್ಯವೂ ಸಿಗುತ್ತದೆ. ಅನಂತರ ಕುಟುಂಬ ಹೊರಬೀಳುತ್ತದೆ. ಐನೂರು ರೂಪಾಯಿ ಬಡ್ತಿಗಾಗಿ ತಾಯಿಯ ಡಯಾಲಿಸಿಸ್ ಕಳೆದುಕೊಳ್ಳುವ ಪರಿಸ್ಥಿತಿಯನ್ನು ಯಾವ ನೌಕರನೂ ಬಯಸಲಾರ. ಮಿತಿಯನ್ನು ಏರಿಸಬೇಕೆಂಬ ಕಾರ್ಮಿಕ ಸಂಘಟನೆಗಳ ಬೇಡಿಕೆಯ ಹಿಂದಿರುವುದು ಇದೇ ಆತಂಕ. ಹೊಸ ಸಂಹಿತೆಯಲ್ಲಿ ‘ವೇತನ’ ಎಂಬುದರ ವ್ಯಾಖ್ಯೆಯೇ ಬದಲಾಗಿದ್ದು, ಮೂಲ ವೇತನ ಮತ್ತು ತುಟ್ಟಿಭತ್ಯೆ ಪ್ರಧಾನವಾಗಿವೆ. ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಮಿತಿಯ ಆಸುಪಾಸಿನಲ್ಲಿರುವವರು ತಾವು ಒಳಗೋ ಹೊರಗೋ ಎಂಬುದನ್ನು ಸಂಬಳದ ಚೀಟಿ ಹಿಡಿದು ಹೊಸದಾಗಿ ಲೆಕ್ಕ ಹಾಕಿಸಿಕೊಳ್ಳಬೇಕು.

ಮಾಲೀಕರು ವೇತನದಿಂದ ಹಣ ಕಡಿದು ನಿಗಮಕ್ಕೆ ಕಟ್ಟದಿದ್ದರೆ ಅದು ಶಿಕ್ಷಾರ್ಹ ಅಪರಾಧ. ಕಾರ್ಮಿಕರು ತಮ್ಮ ವಿಮಾ ಸಂಖ್ಯೆ ಬಳಸಿ ನಿಗಮದ ಜಾಲತಾಣದಲ್ಲಿ ಪ್ರತಿ ತಿಂಗಳ ವಂತಿಗೆ ಜಮೆಯಾಗಿದೆಯೇ, ಎಷ್ಟು ದಿನಗಳಿಗೆ ಜಮೆಯಾಗಿದೆ ಎಂಬುದನ್ನು ಸ್ವತಃ ನೋಡಬಹುದು. 26 ದಿನ ದುಡಿದವನಿಗೆ 10 ದಿನಗಳ ವಂತಿಗೆ ತೋರಿಸಿದರೆ 156 ದಿನದ ಲೆಕ್ಕ ಕೂಡಿಬರುವುದಿಲ್ಲ.

ನಿವೃತ್ತರಿಗೆ ವರ್ಷಕ್ಕೆ 120 ರೂ.

ಕನಿಷ್ಠ 5 ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂ. ಕಟ್ಟಿ ತಮಗೂ ಪತಿ ಅಥವಾ ಪತ್ನಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ನಿವೃತ್ತಿಯಾದ ಮೇಲೆ ಮಕ್ಕಳಿಗೆ ಮತ್ತು ತಂದೆ ತಾಯಿಗೆ ಈ ಸೌಲಭ್ಯವಿಲ್ಲ. ವೇತನ ಮಿತಿ ದಾಟಿ ಯೋಜನೆಯಿಂದ ಹೊರಬಿದ್ದು ಅನಂತರ ನಿವೃತ್ತರಾದವರಿಗೆ ಹಿಂದೆ ಈ ಅವಕಾಶ ಇರಲಿಲ್ಲ. ಇಂಥವರಿಗೂ ಸೌಲಭ್ಯ ನೀಡುವ ತೀರ್ಮಾನವನ್ನು ನಿಗಮ 2024ರ ಫೆಬ್ರವರಿಯಲ್ಲಿ ಕೈಗೊಂಡಿತು. 2012ರ ಏಪ್ರಿಲ್ 1ರ ನಂತರ ಕನಿಷ್ಠ 5 ವರ್ಷ ವಿಮೆಯಲ್ಲಿದ್ದು, 2017ರ ಏಪ್ರಿಲ್ 1ರಂದು ಅಥವಾ ಆನಂತರ ತಿಂಗಳಿಗೆ 30,000 ರೂ. ಮೀರದ ವೇತನದಲ್ಲಿ ನಿವೃತ್ತರಾದವರು ಇದರ ವ್ಯಾಪ್ತಿಗೆ ಬರುತ್ತಾರೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಸೌಲಭ್ಯ ಅಷ್ಟಾಗಿ ಪ್ರಚಾರ ಪಡೆದಿಲ್ಲ. ರಾಜಾಜಿನಗರ, ಕಲಬುರಗಿ ಸೇರಿದಂತೆ ನಿಗಮದ ವೈದ್ಯಕೀಯ ಕಾಲೇಜುಗಳಲ್ಲಿ ವಿಮಾದಾರರ ಮಕ್ಕಳಿಗೆ ಎಂಬಿಬಿಎಸ್ ಸೀಟುಗಳನ್ನು ಮೀಸಲಿಡಲಾಗಿದೆ. ನೀಟ್ ಅರ್ಹತೆಯ ಜತೆಗೆ ನಿಗಮದಿಂದ ‘ವಿಮಾದಾರರ ಮಗು’ ಎಂಬ ಪ್ರಮಾಣಪತ್ರ ಪಡೆಯಬೇಕು.

ಹೆಸರು ಸೇರಿಸಲು ಪತ್ನಿ, ಮಕ್ಕಳು, ತಂದೆ ತಾಯಿಗಳ ಆಧಾರ್ ವಿವರ ಮತ್ತು ಭಾವಚಿತ್ರವನ್ನು ಮಾಲೀಕರಿಗೆ ಅಥವಾ ಶಾಖಾ ಕಚೇರಿಗೆ ಸಲ್ಲಿಸಬೇಕು. ಆಧಾರ್‌ನಲ್ಲಿರುವ ಹೆಸರಿನ ಕಾಗುಣಿತಕ್ಕೂ ಇಎಸ್‌ಐ ದಾಖಲೆಗೂ ತಾಳೆಯಾಗಬೇಕು. ಮದುವೆ, ಮಗುವಿನ ಜನನ, ವಿಳಾಸ ಬದಲಾವಣೆಗಳನ್ನು ಆಗಿಂದಾಗ್ಗೆ ದಾಖಲಿಸಿ ಹೊಸ ಇ-ಪೆಹಚಾನ್ ಕಾರ್ಡನ್ನು ಮುದ್ರಿಸಿಟ್ಟುಕೊಳ್ಳಬೇಕು. ಮಹಿಳಾ ನೌಕರರು ಅತ್ತೆ ಮಾವಂದಿರ ಹೆಸರು ಸೇರಿಸುವ ಬಗ್ಗೆ ಶಾಖಾ ಕಚೇರಿಯಲ್ಲಿ ಲಿಖಿತವಾಗಿ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ.